ಸೀತನಿ ಊಟಕ್ಕೆ ಬಂದ ಆಯೇರಿ

"ರೀ... ರೀ! ಅದನ್ನ ಎತ್ರಿ ಮೊದಲ! ಕೀಬೋರ್ಡ್ ಹಾಳಾಗ್ತದ!"

ಬಸವೇಶ್ವರಿ ಕೂಗಿದ್ದು ಆಳಂದ ಬಸ್‌ಸ್ಟ್ಯಾಂಡಿನ ತನಕ ಕೇಳಿಸಿರಬೇಕು. ಕೂಗದೆ ಏನು ಮಾಡುತ್ತಾಳೆ ಹೇಳಿ? ಮುಂಜಾನೆಯಷ್ಟೇ ಒರೆಸಿ, ಊದುಬತ್ತಿ ಬೆಳಗಿ ಇಟ್ಟಿದ್ದ ಕಂಪ್ಯೂಟರಿನ ಮುಂದೆ ಯಾರೋ ಒಬ್ಬ ಆಸಾಮಿ ಬಂದು ಹಸಿ ಜೋಳದ ತೆನೆಗಳ ಸೂಡನ್ನು ಧೊಪ್ಪನೆ ಇಟ್ಟಿದ್ದ. ಹೊಲದ ದೂಳೆಲ್ಲ ಕೀಲಿಗಳ ಸಂದಿಗೆ ಇಳಿದಿತ್ತು.

"ಗಲತಿ ಆತ್ರಿ ಮೇಡಂ..." ಎನ್ನುತ್ತ ಅವನು ಗಾಬರಿಯಿಂದ ಬಾಗಿದ. ಅವಳೂ ಬಾಗಿದಳು.

ಢೀ!

ಹಣೆಗೆ ಹಣೆ ಬಡಿದು ಇಬ್ಬರ ಕಣ್ಣಲ್ಲೂ ನೀರು ಬಂತು. ಪಕ್ಕದ ಮೇಜಿನಲ್ಲಿ ಜೆರಾಕ್ಸ್ ತೆಗೆಯುತ್ತಿದ್ದ ಗುಲಫಶಾ, ಬಸವೇಶ್ವರಿಯ ಗೆಳತಿಯೂ ಹೌದು, ಈ ಆನ್‌ಲೈನ್ ಸೆಂಟರಿನಲ್ಲಿ ಪಾಲುಗಾರ್ತಿಯೂ ಹೌದು, ಬಾಯಿಗೆ ದುಪಟ್ಟಾ ಹಚ್ಚಿ ನಕ್ಕಳು.

"ಇನ್ನೊಂದ್ಸಲ ಬಡಸ್ಕೋರಿ! ಇಲ್ಲಂದ್ರ ಇಬ್ಬರಿಗೂ ಕೋಡ ಬರ್ತಾವ!"

ಬಸವೇಶ್ವರಿಯ ಮುಖ ಕೆಂಪಾಯಿತು. ಸಿಟ್ಟಿಗೋ, ನಾಚಿಕೆಗೋ... ಅವಳಿಗೇ ತಿಳಿಯಲಿಲ್ಲ.

"ಏನ್ ಆಗಬೇಕಿತ್ರಿ ನಿಮಗ?"

"ಒಂದು ವೆಬ್‌ಸೈಟ್ ಮಾಡಬೇಕ್ರಿ."

"ಯಾವುದಕ್ಕ?"

"ಇದಕ್ಕ," ಎಂದು ಅವನು ಎದೆಗವಚಿಕೊಂಡಿದ್ದ ತೆನೆಗಳನ್ನೇ ತೋರಿಸಿದ.

ಅವನ ಹೆಸರು ಅಮರನಾಥ. ಹತ್ತಿರದ ಹಳ್ಳಿ ಮಟಕಿಯವನು. ಊರಲ್ಲಿ ಎಲ್ಲರೂ ತೊಗರಿಯ ಹಿಂದೆ ಬಿದ್ದಾಗ ಇವನು ಮತ್ತು ನಾಲ್ಕಾರು ಮನೆಯವರು ಹಟ ಹಿಡಿದು ಸೀತನಿ ಜೋಳ ಉಳಿಸಿಕೊಂಡಿದ್ದರು. ತೆನೆ ಹಾಲುಗಾಳಾಗಿರುವಾಗಲೇ ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ತಿಕ್ಕಿ, ಶೇಂಗಾ ಹಿಂಡಿ, ಬೆಲ್ಲ, ಮೊಸರಿನ ಜೊತೆ ತಿನ್ನುವ ಆ ರುಚಿ ಇನ್ನು ಸ್ವಲ್ಪ ವರ್ಷಕ್ಕೆ ಬರೀ ಬಾಯಿಮಾತಾಗಿ ಉಳಿಯುತ್ತದೆ ಎಂಬುದು ಅವನ ಚಿಂತೆ. ಸಂಕ್ರಮಣ ಕಳೆದ ಮೇಲಿನ ಐತವಾರ ಹೊಲದಲ್ಲೇ ಸೀತನಿ ಊಟ ಇಟ್ಟು, ಕಲಬುರಗಿ, ಸೊಲ್ಲಾಪುರದವರನ್ನೂ ಕರೆಯಬೇಕೆಂದು ಅವರೆಲ್ಲ ಸೇರಿ ನಿಶ್ಚಯ ಮಾಡಿದ್ದರು.

"ಟಿಕೆಟ್ ಎಷ್ಟ ಇಡ್ತೀರಿ?" ಬಸವೇಶ್ವರಿ ಕೇಳಿದಳು.

ಅಮರನಾಥ ಅವಳನ್ನು ವಿಚಿತ್ರವಾಗಿ ನೋಡಿದ.

"ಸೀತನಿಗೆ ಯಾರಾದ್ರೂ ರೊಕ್ಕ ತಗೋತಾರೇನ್ರಿ? ಹೊಲಕ್ಕ ಬಂದವರು ಬೀಗರಿದ್ದಂಗ. ತಿಂದು ಹೋಗಲಿ. ರುಚಿ ಹತ್ತಿದ್ರ ಬರೋ ವರ್ಷ ತಾವ ಜ್ವಾಳ ಕೇಳ್ಕೋತ ಬರ್ತಾರ."

ಬಸವೇಶ್ವರಿ ತಲೆ ತಗ್ಗಿಸಿದಳು. ಕಿರಾಣಿ ಅಂಗಡಿ ಶಾಂತಲಿಂಗಪ್ಪನವರ ಮಗಳು, ಜೋಳ ತಿಂದೇ ಬೆಳೆದವಳು, ಇಂಥ ಮಾತು ಕೇಳಬಾರದಿತ್ತು. ಆ ನಾಚಿಕೆಯ ಜೊತೆಗೇ ಇನ್ನೊಂದು ಏನೋ ಅವಳ ಎದೆಯೊಳಗೆ ಸದ್ದಿಲ್ಲದೆ ಬಂದು ಕೂತಿತು.

ಅದು ಏನೆಂದು ನಿಮಗೆ ಗೊತ್ತಾಯಿತಲ್ಲ? ಅವಳಿಗೆ ಮಾತ್ರ ಇನ್ನೂ ಗೊತ್ತಾಗಿರಲಿಲ್ಲ ಬಿಡಿ.

ಮರುದಿನದಿಂದ ಶುರುವಾಯಿತು ವೆಬ್‌ಸೈಟಿನ ಹುಡುಕಾಟ. ಸ್ವಂತ ಬರೆದು ಕಟ್ಟುವಷ್ಟು ವಿದ್ಯೆ ಬಸವೇಶ್ವರಿಗೆ ಇರಲಿಲ್ಲ. ಈಗೆಲ್ಲ ಸಿದ್ಧ ನಮೂನೆ ಕೊಡುವ ತಾಣಗಳಿವೆಯಲ್ಲ, ಚಿತ್ರ ಹಾಕಿ ಅಕ್ಷರ ತುಂಬಿದರೆ ಪುಟ ತಯಾರಾಗುತ್ತದೆ, ಅಂಥದ್ದರಲ್ಲಿ ಒಂದನ್ನು ಆರಿಸಬೇಕಿತ್ತು. ಆರಿಸುವುದೇ ಫಜೀತಿಯಾಯಿತು.

ಮೊದಲನೆಯದರಲ್ಲಿ ಕನ್ನಡದ ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕಕ್ಕೆ ಬಿದ್ದವು.

"ಇದೇನ್ರಿ, ನಮ್ಮವ್ವನ ಹೆಸರು ಹಲ್ಲ ಬಿದ್ದಂಗ ಕಾಣ್ತದ!" ಎಂದ ಅಮರನಾಥ. ಅವನ ತಾಯಿಯ ಹೆಸರು ಸುಭದ್ರಾಬಾಯಿ. ಬಸವೇಶ್ವರಿ ನಕ್ಕು ನಕ್ಕು ಸುಸ್ತಾದಳು.

ಎರಡನೆಯದು ಟಿಕೆಟ್ಟಿನ ದರ ಹೇಳದೆ ಮುಂದಕ್ಕೇ ಹೋಗುವುದಿಲ್ಲ ಎಂದಿತು. ಮೂರನೆಯದು ಪುಕ್ಕಟೆಯೇನೋ ಹೌದು, ಆದರೆ ಸೀತನಿ ತೆನೆಯ ಚಿತ್ರದ ಮೇಲೆ ರಮ್ಮಿ ಆಟದ ಜಾಹೀರಾತು ಕುಣಿಸಿತು.

"ಇದನ್ನ ನೋಡಿದ್ರ ನಮ್ಮ ಊರಾಗಿನ ಹಿರೇರು ನನ್ನ ಚಾವಡಿ ಕಟ್ಟಿಗೆ ಕಟ್ಟತಾರ್ರಿ."

"ಸುಮ್ಕಿರ್ರಿ, ಇನ್ನೊಂದು ನೋಡೂಣು."

ಹೀಗೆ 'ಇನ್ನೊಂದು ನೋಡೋಣ' ಎನ್ನುತ್ತ ಅವನು ದಿನಾ ಸಂಜೆ ಬರುವುದು, ಚಹಾ ತರಿಸುವುದು, ಇಬ್ಬರೂ ಒಂದೇ ಪರದೆಯ ಮುಂದೆ ಕೂತು ನಗುವುದು... ಖರೇ ಹೇಳಬೇಕೆಂದರೆ, ಬೇಗ ಒಂದು ಒಳ್ಳೆಯದು ಸಿಕ್ಕಿಬಿಟ್ಟರೆ ಹೇಗಪ್ಪಾ ಎಂದು ಬಸವೇಶ್ವರಿಗೆ ಒಳಗೊಳಗೇ ಭಯ!

ಕಡೆಗೂ ಸಿಕ್ಕಿತು. ಅದು ಮದುವೆಗೆಂದೇ ಮಾಡಿದ ನಮೂನೆ. ಕನ್ನಡ ಅಕ್ಷರ ಮುತ್ತಿನಂತೆ ಕೂತವು. ದಾರಿ ತೋರಿಸುವ ನಕಾಶೆ, ತಾರೀಖು, ಫೋಟೋ ಸಾಲು, 'ಬರುತ್ತೇವೆ' ಎಂದು ಒತ್ತಲು ಗುಂಡಿ, ಎಲ್ಲವೂ ಇತ್ತು, ಅದೂ ಪುಕ್ಕಟೆ. ಊಟಕ್ಕೆ ಕರೆಯಲು ಇನ್ನೇನು ಬೇಕು?

"ಲಗ್ನದ್ದಾದ್ರ ಏನಾತ್ರಿ? ಮ್ಯಾಲಿನ ಹೂವು, ಬಾಸಿಂಗ ತೆಗದು ತೆನಿ ಹಾಕಿದ್ರ ಆತು," ಎಂದಳು ಬಸವೇಶ್ವರಿ.

"ನಿಮ್ಮ ಕೈಯಾಗ ಕೊಟ್ಟೇನಿ. ನೀವ ನೋಡ್ಕೋರಿ," ಎಂದು ಅವನು ಎದ್ದು ಹೋದ. ಗುಲಫಶಾ ಅದಾಗಲೇ ಮನೆಗೆ ಹೋಗಿದ್ದಳು. ಸೆಂಟರಿನಲ್ಲಿ ಬಸವೇಶ್ವರಿ ಒಬ್ಬಳೇ.

ಆ ತಾಣ ಒಳಗೆ ಬಿಡುವ ಮುಂಚೆ ಎರಡು ಖಾಲಿ ಜಾಗ ತೋರಿಸಿತು. ವಧುವಿನ ಹೆಸರು. ವರನ ಹೆಸರು. ತುಂಬದೆ ಮುಂದೆ ಹೋಗುವಂತಿಲ್ಲ.

ಅವಳ ಬೆರಳು ನಿಂತಿತು...

'ಯಾರೂ ನೋಡಂಗಿಲ್ಲ. ಹೆಂಗ ಕಾಣ್ತದ ಅಂತ ಒಂದ್ಸಲ ನೋಡಿ ಅಳಿಸಿಬಿಡ್ತೇನಿ...'

ಬರೆದಳು. ಪರದೆಯ ಮೇಲೆ ಮೂಡಿತು: ಬಸವೇಶ್ವರಿ, ಅಮರನಾಥ. ನಡುವೆ ತಾಣವೇ ಒಂದು ಕೆಂಪು ಹೃದಯ ಇಟ್ಟಿತು. ಕೆಳಗೆ, 'ನಮ್ಮ ಶುಭದಿನಕ್ಕೆ ತಪ್ಪದೆ ಬನ್ನಿ.'

ಅಯ್ಯೋ ಹುಚ್ಚಿ! ಕೈಯಿಂದ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ಎಷ್ಟು ಹೊತ್ತು ನೋಡಿದಳೋ! ಆಮೇಲೆ ಪುಟದೊಳಗಿನ ಹೆಸರುಗಳನ್ನೆಲ್ಲ ತೆಗೆದು 'ಸೀತನಿ ಊಟ, ಮಟಕಿ' ಎಂದು ದೊಡ್ಡದಾಗಿ ಬರೆದು, ತೆನೆಯ ಚಿತ್ರ ಕೂರಿಸಿ, ಲಿಂಕನ್ನು ಅಮರನಾಥನಿಗೆ ಕಳಿಸಿ, ತಿರುಗಿಯೂ ನೋಡದೆ ಮನೆಗೆ ಹೋದಳು.

ಅವಳಿಗೆ ಗೊತ್ತಿರದ ಸಂಗತಿ ಒಂದಿತ್ತು. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದಾಗ ಜೊತೆಗೆ ಪುಟ್ಟ ಕಾರ್ಡೊಂದು ಕಾಣುತ್ತದಲ್ಲ, ಅದು ತೋರಿಸುವುದು ಮೊದಲು ತುಂಬಿದ ಆ ಎರಡು ಹೆಸರನ್ನೇ! ಅಮರನಾಥ ಹೊಲದಲ್ಲಿದ್ದ. ನೆಟ್‌ವರ್ಕ್ ಕುಂಟುವ ಕಡೆ ಕಾರ್ಡು ಅವನಿಗೆ ಮೂಡಲೇ ಇಲ್ಲ. ಬರೀ ಲಿಂಕನ್ನು ಊರ ಗುಂಪಿಗೆ, ಬೀಗರ ಗುಂಪಿಗೆ ದಾಟಿಸಿಬಿಟ್ಟ. ಅಲ್ಲಿಂದ ಅದು ಕಾರ್ಡಿನ ಸಮೇತ ಊರೂರಿಗೆ ಹೋಯಿತು.

ಮರುದಿನ ಮುಂಜಾನೆ ಶಾಂತಲಿಂಗಪ್ಪನವರಿಗೆ ಜೇವರ್ಗಿಯಿಂದ ತಂಗಿಯ ಫೋನು.

"ಏನಣ್ಣಾ, ಸ್ವಂತ ಸೋದರತ್ತಿಗಿ ಹೇಳದಂಗ ಕೇಳದಂಗ ಹುಡುಗಿ ಲಗ್ನ ಇಟ್ಕೊಂಡಿ? ಅದೂ ಮೊಬೈಲ್‌ನಾಗ ಕರೀತಿ? ನಾ ಸತ್ತೀನೇನು?"

"ಯಾರ ಲಗ್ನ? ಏನ್ ಮಾತಾಡಾಕತ್ತಿ ನೀ?"

ಅರ್ಧ ತಾಸಿನಲ್ಲಿ ಅಫಜಲಪುರದಿಂದ, ಚೌಡಾಪುರದಿಂದ, ಎದುರಿನ ಅಂಗಡಿಯಿಂದ... ಸುದ್ದಿಗೆ ಏನು ಕಾಲು ಬೇಕೇ!

ಶಾಂತಲಿಂಗಪ್ಪನವರು ಕೆಟ್ಟವರಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಅಮರನಾಥನನ್ನು ಅಂಗಡಿಗೆ ಕರೆಸಿದರು. ಬಜಾರದ ಮಂದಿ ಸುತ್ತ ನೆರೆಯಿತು. ಬಸವೇಶ್ವರಿ ಅಕ್ಕಿ ಚೀಲಗಳ ಹಿಂದೆ ನಿಂತಿದ್ದಳು.

"ನನ್ನ ಮಗಳ ಹೆಸರಿನ ಮಗ್ಗಲು ನಿನ್ನ ಹೆಸರು ಹೆಂಗ ಬಂತು? ಯಾರ ಹಾಕಿದ್ರು? ಹೇಳಲೇ!"

ಅಮರನಾಥ ಮೊಬೈಲಿನ ಆ ಕಾರ್ಡನ್ನು ನೋಡಿದ. ತಲೆ ಎತ್ತಿ ಚೀಲಗಳ ಆಚೆ ಬಸವೇಶ್ವರಿಯನ್ನು ನೋಡಿದ. ಒಂದೇ ಒಂದು ಗಳಿಗೆ.

ಅವಳು ಕಣ್ಣು ಕೆಳಗಿಳಿಸಿದಳು.

'ಹೇಳು... ನಾನ ಹಾಕಿದ್ದು ಅಂತ ಹೇಳು...' ಅವಳ ಮನಸ್ಸು ಚೀರುತ್ತಿತ್ತು. ನಾಲಿಗೆ ಮಾತ್ರ ಏಳಲಿಲ್ಲ.

"ನಾನ ಹಾಕಿದ್ದೆ ರೀ," ಎಂದ ಅಮರನಾಥ, ಮೆಲ್ಲಗೆ. "ಚ್ಯಾಷ್ಟಿ ಮಾಡಾಕ ಹೋಗಿ ಹಿಂಗಾತು. ಅವರಿಗೆ ಏನೂ ಗೊತ್ತಿಲ್ರಿ."

"ಚಹಾ ಕುಡದ ಮನಿ ಜಂತಿ ಎಣಸ್ತಿ ಏನಲೇ? ನಿನ್ನ ಮನ್ಯಾಗ ಅಕ್ಕ ತಂಗ್ಯಾರಿಲ್ಲೇನು? ಇಜ್ಜತ್ ಇದ್ದಾವ ಮಾಡೋ ಕೆಲಸೇನು ಇದು?"

ಶಾಂತಲಿಂಗಪ್ಪನವರು ಬೈದೇ ಬೈದರು. ಕಡೆಗೆ ಅವನು ಕೈ ಮುಗಿದು ಹೋಗಿಬಿಟ್ಟ. ಹೋಗುವಾಗ ತಿರುಗಿ ನೋಡಲಿಲ್ಲ.

"ಪಾಪ, ಬಂಗಾರದಂಥ ಹುಡುಗಿ. ಆಕಿದೇನು ತಪ್ಪು?" ಎಂದಿತು ನೆರೆದ ಮಂದಿ. ಎದುರಿನ ಅಂಗಡಿಯ ಭಗವಂತಣ್ಣ ಅವಳಿಗೆ ನೀರು ತಂದುಕೊಟ್ಟ.

ಅವಳು ಲೋಟವನ್ನು ಹಾಗೇ ಚೀಲದ ಮೇಲೆ ಇಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವರ ಕನಿಕರವನ್ನು ಹೇಗೆ ತಡೆದುಕೊಳ್ಳಬೇಕು?

ಸೆಂಟರಿಗೆ ಬಂದರೆ ಗುಲಫಶಾ ಬಾಗಿಲಲ್ಲೇ ಕಾದಿದ್ದಳು.

"ಬೇ, ಆ ಪುಟದ ಪಾಸ್‌ವರ್ಡ್ ನಿನ್ನ ಹಂತ್ಯಾಕ ಅದ, ನನ್ನ ಹಂತ್ಯಾಕ ಅದ. ಅಂವಗ ಕೊಟ್ಟೇ ಇಲ್ಲ. ನಾ ಅಂತೂ ಹಾಕಿಲ್ಲ..."

ಬಸವೇಶ್ವರಿ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡಳು.

"ಯಾ ಅಲ್ಲಾ! ಮತ್ತ ಅಂವಗೂ ಇದು ಗೊತ್ತಲ್ಲ? ಗೊತ್ತಿದ್ದೂ ತನ್ನ ಮ್ಯಾಲ ತಗೊಂಡನಾ?"

ಬಸವೇಶ್ವರಿ ಹೌದೆಂದು ತಲೆಯಾಡಿಸಿದಳು. ಗೊತ್ತಿದ್ದೇ ತಗೊಂಡ. ಬರೆದವಳು ತಾನೆಂದು ಅವನಿಗೆ ಗೊತ್ತು, ತಾನು ಬಾಯಿ ಬಿಡಲಿಲ್ಲ ಎಂಬುದೂ ಗೊತ್ತು. ಇನ್ನು ಯಾವ ಮುಖ ಹೊತ್ತು ಅವನೆದುರು ನಿಲ್ಲುವುದು?

ಅವಸರದಿಂದ ಕಾರ್ಡಿನ ಆ ಎರಡು ಹೆಸರನ್ನು ಅಳಿಸಿದಳು. 'ಮಾಫ್ ಮಾಡ್ರಿ' ಎಂದು ಅವನಿಗೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಅಷ್ಟರಲ್ಲಿ ಅವನದೇ ಸಂದೇಶ ಬಂತು.

'ಊಟದ ದಿನ ನೀವು ಬರೋದು ಬ್ಯಾಡ್ರಿ. ಮಂದಿ ಮಾತಾಡ್ತಾರ.'

ಅಷ್ಟೇ. ಅವಳು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಅತ್ತಳು. 'ನನ್ನ ಮುಖ ನೋಡಾಕೂ ಬ್ಯಾಡಾಗೇದ ಅಂವಗ...'

ಇಲ್ಲಿಗೇ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಆ ಪುಟವನ್ನು ನೋಡಿಕೊಳ್ಳುತ್ತಿದ್ದವಳು ಅವಳೇ ಅಲ್ಲವೇ? 'ಬರುತ್ತೇವೆ' ಎಂದು ಒತ್ತಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿಯುವುದು ಅವಳ ಕಣ್ಣೆದುರೇ ಕಾಣುತ್ತಿತ್ತು. ಒಬ್ಬರು ಬರೆದೇಬಿಟ್ಟರು: 'ಹೆಣ್ಣುಮಕ್ಕಳ ಹೆಸರು ಕೆಡಿಸುವವನ ಹೊಲಕ್ಕೆ ನಮ್ಮ ಮನೆಯವರನ್ನು ಕಳಿಸುವುದು ಹೇಗೆ?' ಅವನೊಬ್ಬನ ಹೊಲವೇ ಅದು? ನಾಲ್ಕಾರು ಮನೆಯವರು ವರ್ಷಗಟ್ಟಲೆ ಕಾದಿಟ್ಟ ತೆನೆ. ಅವಳ ಒಂದು ಮೌನ ಅಷ್ಟನ್ನೂ ತಿನ್ನುತ್ತಿತ್ತು.

ಐತವಾರ ಬಂತು. ಶಾಂತಲಿಂಗಪ್ಪನವರು ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗ ಹೊರಗೆ ಬಂದರು. ಬಸವೇಶ್ವರಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅಪ್ಪಾ... ಆ ಹೆಸರು ನಾ ಹಾಕಿದ್ದು."

"ಏನಂದಿ?"

"ಎರಡೂ ಹೆಸರು ನಾನ ಬರದೆ. ಅಂವ ಸುಳ್ಳ ಹೇಳಿದ. ನನ್ನ ಸಲುವಾಗಿ."

ಶಾಂತಲಿಂಗಪ್ಪನವರು ಕಟ್ಟೆಯ ಮೇಲೆ ಕೂತುಬಿಟ್ಟರು.

"ನಾ ನಾಕ ಮಂದ್ಯಾಗ ಅಂವಗ ಬೈದೆ."

"ಹೌದಪ್ಪಾ."

"ನೀ ಅಲ್ಲೇ ಇದ್ದಿ."

"ಹೌದು..."

"ಬಾಯಿ ಬಿಡಲಿಲ್ಲ."

ಅವಳು ನೆಲ ನೋಡಿದಳು. ಅಪ್ಪ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಅವರು ಎದ್ದು ಗೂಟದಿಂದ ಗಾಡಿಯ ಕೀಲಿ ತೆಗೆದುಕೊಂಡರು.

"ನಾಕ ಮಂದ್ಯಾಗ ಆಡಿದ ಮಾತು ನಾಕ ಮಂದ್ಯಾಗೇ ತಿರುಗಿ ತಗೋಬೇಕು. ನಡಿ, ಮಟಕಿಗೆ."

"ಒಂದ ನಿಮಿಷ ಅಪ್ಪಾ."

ಅವಳು ಮೊಬೈಲ್ ತೆಗೆದು ಆ ಪುಟ ತೆರೆದಳು. ತೆನೆಯ ಚಿತ್ರದ ಕೆಳಗೆ ಬರೆದಳು: 'ಆ ಎರಡು ಹೆಸರು ಬರೆದ ತಪ್ಪು ನನ್ನದು. ಅಮರನಾಥರದಲ್ಲ. ಅವರು ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತರು. ಊಟಕ್ಕೆ ಎಲ್ಲರೂ ಬನ್ನಿ. ಬಸವೇಶ್ವರಿ.' ಒತ್ತಿದಳು. ಹೋದ ವಾರ ಎಲ್ಲೆಲ್ಲಿ ಹೋಗಿತ್ತೋ ಆ ಗುಂಪುಗಳಿಗೆಲ್ಲ ಮತ್ತೆ ಕಳಿಸುವಂತೆ ಗುಲಫಶಾಗೆ ಹೇಳಿದಳು.

ಅಪ್ಪ ಅದನ್ನು ಓದಿದರು. ಗಾಡಿಗೆ ಕಿಕ್ ಹೊಡೆದರು.

ಮಟಕಿಯ ಹೊಲದಲ್ಲಿ ಕುಳ್ಳಿನ ಹೊಗೆ ಏಳುತ್ತಿತ್ತು. ಹಾಸಿದ ತಾಡಪತ್ರಿಯ ಮೇಲೆ ಬೆರಳೆಣಿಕೆಯ ಮಂದಿ. ಸುಭದ್ರಾಬಾಯಿ ಕೆಂಡದಲ್ಲಿ ತೆನೆ ಹೊರಳಿಸುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಗೆಗೋ ಏನೋ.

ಅಲ್ಲೊಂದು ಗದ್ದಲವೂ ಎದ್ದಿತ್ತು. ಅಫಜಲಪುರದಿಂದ ಅಮರನಾಥನ ವಯಸ್ಸಾದ ಸೋದರಮಾವ ಕಲ್ಯಾಣಪ್ಪನವರು ಬಂದಿದ್ದರು. ಅವರಿಗೆ ತಲುಪಿದ್ದು ಮೊದಲಿನ ಕಾರ್ಡು ಒಂದೇ! ಅಳಿಯನ ಲಗ್ನವೆಂದು ಕೈಯಲ್ಲಿ ಉಡುಗೊರೆಯ ಆಯೇರಿ ಹಿಡಿದು ಬಂದಿದ್ದರು, ಮದುಮಗಳಿಗೆ ಹಸಿರು ಸೀರೆ, ಮದುಮಗನಿಗೆ ಧೋತರ, ಮೇಲೆ ಎಲೆ ಅಡಿಕೆ. ಇಲ್ಲಿ ಬಂದರೆ ಹಂದರವೂ ಇಲ್ಲ, ಮದುಮಗಳೂ ಇಲ್ಲ. ಮಂದಿ ಹೇಳಿದ ಕಥೆ ಕೇಳಿ ಅಜ್ಜನ ಮೀಸೆ ಕುಣಿಯುತ್ತಿತ್ತು.

"ನಮ್ಮ ಮನೆತನದಾಗ ಹುಟ್ಟಿ ಒಂದು ಹೆಣ್ಣುಮಗಳ ಹೆಸರು ಬೀದಿಗೆ ತಂದೀ ಏನೋ? ಥೂ! ನನಗ ನಾಚ್ಕಿ ಬರ್ತದ ನಿನ್ನ ಮಾವ ಅನ್ನಸ್ಕೊಳ್ಳಾಕ!"

ಅಮರನಾಥ ತಲೆ ಬಗ್ಗಿಸಿ ನಿಂತಿದ್ದ.

"ಅಜ್ಜಾರ, ಬೈಬ್ಯಾಡ್ರಿ!"

ಎಲ್ಲರೂ ತಿರುಗಿದರು. ಬಸವೇಶ್ವರಿ ಉಸಿರುಗಟ್ಟಿ ಓಡಿ ಬಂದಿದ್ದಳು. ಇಷ್ಟು ಕಣ್ಣುಗಳು... ಭೂಮಿ ಬಾಯಿ ಬಿಟ್ಟರೆ ಒಳಗಿಳಿದು ಹೋಗುತ್ತಿದ್ದಳು. ಆದರೂ ನಿಂತಳು.

"ಬೈಯೋದಿದ್ರ ನನಗ ಬೈರಿ. ಆ ಹೆಸರು ಬರದಾಕಿ ನಾನು."

"ಬಸವೇಶ್ವರಿ, ಬ್ಯಾಡ್ರಿ..." ಎಂದ ಅಮರನಾಥ.

"ನೀವು ಸುಮ್ಮಿರ್ರಿ! ಒಂದ್ಸಲ ನನ್ನ ಪಾಲಿನ ಮಾತು ನೀವು ಆಡೀರಿ. ಸಾಕು." ಅವಳ ದನಿ ಒಡೆಯಿತು. "ಅಜ್ಜಾರ, ಆ ವೆಬ್‌ಸೈಟು ಎರಡು ಹೆಸರು ಕೇಳಿತ್ರಿ. ಏನರೆ ಬರೀಬಹುದಿತ್ತು. ಜ್ವಾಳ ಅಂತ, ತೆನಿ ಅಂತ ಬರೀಬಹುದಿತ್ತು. ನಾ ಇವರ ಹೆಸರು ಬರದೆ. ಯಾಕಂದ್ರ... ಬರೀಬೇಕು ಅನ್ನಸ್ತು. ಆಮ್ಯಾಲ ನಮ್ಮಪ್ಪ ಬೈಯುವಾಗ ಅಂಜಿ ಸುಮ್ಮ ನಿಂತೆ. ಬರದದ್ದಕ್ಕ ನನಗ ನಾಚ್ಕಿ ಇಲ್ರಿ. ಸುಮ್ಮ ನಿಂತದ್ದಕ್ಕ ಅದ. ಭಾಳ ಅದ."

ಸುಭದ್ರಾಬಾಯಿ ತೆನೆ ಹೊರಳಿಸುವುದನ್ನು ಬಿಟ್ಟು ಎದ್ದು ನಿಂತರು.

ಶಾಂತಲಿಂಗಪ್ಪನವರು ಮುಂದೆ ಬಂದರು. ಪೇಟೆಯಲ್ಲಿ ಯಾರಿಗೂ ತಲೆಬಾಗದ ಮನುಷ್ಯ, ಎಲ್ಲರೆದುರು ಅಮರನಾಥನಿಗೆ ಕೈ ಮುಗಿದರು.

"ತಮ್ಮಾ, ವಿಚಾರ ಮಾಡದ ಬೈದೆ. ತಪ್ಪಾತು."

"ಅಯ್ಯೋ, ಹಿರೇರು ನೀವು, ಹಂಗ ಮಾಡಬ್ಯಾಡ್ರಿ!" ಅಮರನಾಥ ಆ ಕೈಗಳನ್ನು ಹಿಡಿದುಕೊಂಡ.

ಕಲ್ಯಾಣಪ್ಪನವರು ಒಮ್ಮೆ ಅಳಿಯನನ್ನು, ಒಮ್ಮೆ ಬಸವೇಶ್ವರಿಯನ್ನು ನೋಡಿದರು. ಕೈಯಲ್ಲಿದ್ದ ಆಯೇರಿಯ ಗಂಟನ್ನು ನೋಡಿದರು. ಮೀಸೆಯ ಕೆಳಗೆ ಮೆಲ್ಲಗೆ ನಗು ಬಂತು.

"ನೋಡ್ರಿ ಸಾವಕಾರ್ರ, ಮನಿಯಿಂದ ಹೊಂಟ ಆಯೇರಿ ತಿರುಗಿ ಮನಿಗೆ ಒಯ್ಯೋ ರೂಢಿ ನಮ್ಮಲ್ಲಿಲ್ಲ. ಅಪಶಕುನ ಅದು. ಈಗ ಇದನ್ನ ನಾ ಏನ್ ಮಾಡ್ಲಿ?"

ಶಾಂತಲಿಂಗಪ್ಪನವರು ಮಗಳ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ. ಎತ್ತದಿದ್ದರೂ ಅವರಿಗೆ ತಿಳಿಯಿತು, ತಂದೆಯಲ್ಲವೇ?

"ಸುಭದ್ರಾಬಾಯಿಯವರ ಹಂತ್ಯಾಕ ಇರಲಿ ಬಿಡ್ರಿ. ಮಾತುಕತಿಗೆ ನಾವ ಒಂದು ದಿನ ಬರ್ತೇವಿ."

ಸುಭದ್ರಾಬಾಯಿ ಬೂದಿಗೈಯನ್ನು ಸೆರಗಿಗೆ ಒರೆಸಿಕೊಂಡು ಗಂಟನ್ನು ಎದೆಗೆ ಒತ್ತಿಕೊಂಡರು. ಈ ಸಲ ಕಣ್ಣೀರಿಗೆ ಹೊಗೆ ಕಾರಣವಲ್ಲ ಎಂಬುದು ಎಲ್ಲರಿಗೂ ಕಂಡಿತು.

ಮಧ್ಯಾಹ್ನವಾಗುವಷ್ಟರಲ್ಲಿ ದಾರಿಯಲ್ಲಿ ಗಾಡಿಗಳ ದೂಳು ಎದ್ದಿತು. ಲಗ್ನದ ಸುದ್ದಿಗಿಂತ ತಪ್ಪೊಪ್ಪಿಗೆಯ ಸುದ್ದಿ ಜೋರಾಗಿ ಓಡಿತ್ತು! ಆ ಹುಡುಗಿಯನ್ನು ನೋಡಬೇಕೆಂದು ಬಂದವರೇ ಹೆಚ್ಚು. ಬಂದವರು ಸೀತನಿ ತಿಂದರು, ಬೆರಳು ಚೀಪಿದರು, ಬರುವ ವರ್ಷಕ್ಕೆ ಜೋಳ ಬೇಕೆಂದು ಈಗಲೇ ಹೇಳಿಟ್ಟರು. ಜೇವರ್ಗಿಯ ಅತ್ತೆಯಂತೂ, "ಈ ಸಲ ಲಗ್ನಕ್ಕ ಮನಿಗೆ ಬಂದು ಕರೀಲಿಲ್ಲಂದ್ರ ನೋಡು!" ಎಂದು ಅಣ್ಣನಿಗೆ ಫೋನಿನಲ್ಲೇ ತಾಕೀತು ಮಾಡಿದಳು.

ಬಸವೇಶ್ವರಿ ಬದುವಿನ ಮೇಲೆ ಒಬ್ಬಳೇ ಕೂತಿದ್ದಳು. ಅಮರನಾಥ ಬಿಸಿ ತೆನೆ ಹಿಡಿದು ಬಂದು ಒಂದು ಮಾರು ದೂರದಲ್ಲಿ ಕೂತ.

"ಬರೋದು ಬ್ಯಾಡ ಅಂದಿದ್ರಿ," ಎಂದಳು, ಅವನತ್ತ ನೋಡದೆ. "ನನ್ನ ಮ್ಯಾಲ ಅಷ್ಟು ಸಿಟ್ಟು ಬಂದಿತ್ತೇನ್ರಿ?"

"ಸಿಟ್ಟಾ? ಯಾರಿಗೆ?" ಅವನು ಬೆರಗಾದ. "ಅವತ್ತು ಅಂಗಡ್ಯಾಗ ನೀವು ತಲಿ ತಗ್ಗಿಸಿದ್ರಿ. ನನ್ನ ಹೆಸರಿನ ಮಗ್ಗಲು ನಿಮ್ಮ ಹೆಸರು ಇದ್ದದ್ದಕ್ಕ ನಿಮಗ ಅವಮಾನ ಆತು ಅಂತ ತಿಳಿದೆ. ಇನ್ನೊಮ್ಮೆ ಆಗಬಾರದು ಅಂತ ಹಂಗ ಬರದೆ."

ಅವಳ ಕಣ್ಣು ತುಂಬಿ ಬಂತು.

"ಹುಚ್ಚರು ನೀವು..."

"ಹೌದ್ರಿ. ಖರೇ ಹೇಳ್ಲೇನು? ಆ ಕಾರ್ಡು ನೋಡಿದಾಗ ನಿಮ್ಮಪ್ಪ ಏನೇನು ಬೈದ್ರು ಅಂತ ನನಗ ಅರ್ಧ ಕೇಳಿಸಲೇ ಇಲ್ಲ. 'ಇದನ್ನ ಬಸವೇಶ್ವರಿ ಬರದಾಳ...' ಅಂತ ಅದನ್ನ ನೆನಸ್ಕೋತ ನಿಂತಿದ್ದೆ."

ಅವಳು ಅಳುತ್ತಲೇ ನಕ್ಕಳು. ಅವನು ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳನ್ನು ಅವಳ ಕೈಗೆ ಸುರಿದ. ಕಾಳು ಸುಡುತ್ತಿತ್ತು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಆ ಎರಡು ಹೆಸರು ನಾ ಅಳಿಸಿಬಿಟ್ಟೇನ್ರಿ," ಎಂದಳು ಮೆಲ್ಲಗೆ. "ಊಟಾನೂ ಮುಗೀತು. ಇನ್ನ ಆ ಪುಟಾನೂ ತೆಗದುಬಿಡ್ಲೇನು?"

"ಬ್ಯಾಡ್ರಿ," ಎಂದ ಅಮರನಾಥ. "ಹೆಸರು ಇದ್ದಲ್ಲೇ ವಾಪಸ್ ಹಾಕ್ರಿ. ತಾರೀಖಷ್ಟ ಬದಲಿ ಮಾಡ್ರಿ."